ಡಬ್ಬಿಯ ಅಡಿ ನೋಡದೆ ಕೊಟ್ಟ ಎಂಟು ಉಡುಗೊರೆ

ನನ್ನ ಮೊಮ್ಮಗಳು ಶ್ರಾವಣಿಯಂಥ ಹುಡುಗಿ ಇಡೀ ಪುಣೆಯಲ್ಲಿ ಇನ್ನೊಬ್ಬಳಿಲ್ಲ. ಇದು ನಾನು ಹೇಳುವುದಲ್ಲ, ಅವಳನ್ನು ಬಲ್ಲವರೆಲ್ಲ ಹೇಳುವುದು. ಬಲ್ಲವರು ಎಂದರೆ ನಾನು ಮತ್ತು ನಮ್ಮ ಯಜಮಾನರು.

ಅವಳು ಶಾಲೆಯಲ್ಲಿ ಮೂರನೆಯ ಇಯತ್ತೆ. ನಾನೂ ಮೂರನೆಯ ಇಯತ್ತೆಯೇ. ಅವಳು ಬರುವ ವರ್ಷ ನಾಲ್ಕಕ್ಕೆ ಹೋಗುತ್ತಾಳೆ, ನಾನು ಅಲ್ಲಿಗೇ ಬಿಟ್ಟೆ. ಅಷ್ಟೇ ವ್ಯತ್ಯಾಸ!

ದೀಪಾವಳಿ ರಜೆಗೆ ಮೊದಲು ಶಾಲೆಯಲ್ಲಿ ಮಕ್ಕಳಿಂದ ಮಾತು ತೆಗೆದುಕೊಂಡಿದ್ದರು. ಈ ಹಬ್ಬಕ್ಕೆ ಉಡುಗೊರೆ ಎಂದು ಹೊಸದೇನೂ ಕೊಳ್ಳಬಾರದು, ಮಿರಿಮಿರಿ ಕಾಗದ ಸುತ್ತಬಾರದು, ಮನೆಯೊಳಗೆ ಒಂದೂ ಹೊಸ ಪ್ಲಾಸ್ಟಿಕ್ ಬರಬಾರದು. ರಜೆ ಮುಗಿದ ಮೇಲೆ ಎಲ್ಲರೆದುರು ನಿಂತು ವರದಿ ಓದಬೇಕು. ಶ್ರಾವಣಿ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ, ‘ಪ್ಲಾಸ್ಟಿಕ್’ ಎಂದು ಬರೆದು, ಅದರ ಮುಂದೆ ಕುಂಬಳಕಾಯಿಯಷ್ಟು ದೊಡ್ಡ ಸೊನ್ನೆ ಹಾಕಿದಳು.

"ಅಜ್ಜಿ, ಹಬ್ಬ ಮುಗಿಯೂತನಕ ಇದು ಸೊನ್ನೀನ ಇರಬೇಕು. ಉಡುಗೊರಿ ಕೆಲಸ ಎಲ್ಲಾ ನಿಂದು. ನನ್ನ ಟೀಮಿನ್ಯಾಗ ನೀ ಒಬ್ಬಾಕಿನ ಇದ್ದಿ."

ಟೀಮು! ನನ್ನನ್ನು ಈ ವಯಸ್ಸಿನವರೆಗೆ ಯಾರೂ ಯಾವ ಟೀಮಿಗೂ ಸೇರಿಸಿರಲಿಲ್ಲ. ಆ ಕ್ಷಣದಲ್ಲಿ ಉಡುಗೊರೆ ಖಾತೆಯ ಮಂತ್ರಿಯಾಗಿ ನಾನು ಅಧಿಕಾರ ಸ್ವೀಕರಿಸಿದೆ.

ಮಾರನೆಯ ದಿನ ಮಗ ಚಿಂಚವಾಡದ ಕಾರ್ಖಾನೆಗೆ, ಸೊಸೆ ಶೈಲಾ ಆಫೀಸಿಗೆ ಹೋದ ಮೇಲೆ ಅಡುಗೆಮನೆಯ ಅಟ್ಟಕ್ಕೆ ಕೈ ಹಾಕಿದೆ. ಅಲ್ಲೊಂದು ಚೀಲ ಸಿಕ್ಕಿತು. ಬಿಚ್ಚಿದರೆ ಎಂಟು ಸ್ಟೀಲ್ ಡಬ್ಬಿಗಳು! ತೊಳೆದು ಒರೆಸಿ ಇಟ್ಟಂಥವು. ಮುಖ ನೋಡಿಕೊಳ್ಳಬಹುದಿತ್ತು. ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಮರಾಠಿಯಲ್ಲಿ ಹೆಸರು ಕೊರೆದಿತ್ತು. ನಾವು ನಮ್ಮೂರು ಇಂಡಿಯಿಂದ ಇಲ್ಲಿಗೆ ಬಂದು ವರ್ಷವಾಯಿತು. ಮರಾಠಿ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮಗನ ಮನೆಶಾಂತಿಗೆ, ಅಂದರೆ ಗೃಹಪ್ರವೇಶಕ್ಕೆ, ಬಂದ ಉಡುಗೊರೆ, ಕೊಟ್ಟವರು ಹೆಸರು ಹಾಕಿಸಿದ್ದಾರೆ ಎಂದು ತೀರ್ಮಾನಿಸಿದೆ.

ಯಜಮಾನರು ಪೇಪರಿನ ಮೇಲಿಂದ ಕಣ್ಣೆತ್ತಿದರು. "ತಾ ಇಲ್ಲೆ, ಏನ್ ಬರದದ ಓದಿ ಹೇಳ್ತೀನಿ."

"ಬ್ಯಾಡ್ರೀ. ನೀವು ಪೇಪರ್ ಓದ್ರಿ. ಇದು ಟೀಮಿನ ಕೆಲಸ."

ಒಂದೊಂದು ಡಬ್ಬಿಗೂ ಹತ್ತು ಚಕ್ಕುಲಿ, ಆರು ಶೇಂಗಾ ಉಂಡೆ ತುಂಬಿದೆ. ಸುತ್ತಲು ಕಾಗದ ಕೂಡದಲ್ಲ? ಯಜಮಾನರ ಹಳೆಯ ಧೋತರವೊಂದನ್ನು ಎಂಟು ತುಂಡು ಮಾಡಿ ಗಂಟು ಕಟ್ಟಿದೆ. ಹಬ್ಬದ ಮುನ್ನಾದಿನ ಶ್ರಾವಣಿ ನಮ್ಮ ಕಟ್ಟಡದ ಉಳಿದ ಎಂಟೂ ಮನೆಗೆ ಹಂಚಿ ಬಂದಳು. ಸೊನ್ನೆ ಸೊನ್ನೆಯಾಗಿಯೇ ಇತ್ತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಸಂಜೆ ಎದುರುಮನೆಯ ಜೋಶಿ ಕಾಕು ತಾವು ಮಾಡಿದ ಲಾಡು ಕೊಡಲು ಮೇಲಿನ ಮಹಡಿಯ ಜಾಧವಬಾಯಿಯ ಮನೆಗೆ ಹೋದರು. ಈ ಇಬ್ಬರೂ ನಾಲ್ಕು ವರ್ಷದಿಂದ ಹಬ್ಬಕ್ಕೊಮ್ಮೆ ಮಾತ್ರ ಮಾತಾಡುವವರು. ಯಾಕೆಂದು ನನಗೆ ತಿಳಿದಿರಲಿಲ್ಲ. ಐದೇ ನಿಮಿಷದಲ್ಲಿ ತಿಳಿಯಿತು.

"ಹಾ ಡಬಾ ಮಾಝಾ ಆಹೇ!" ಈ ಡಬ್ಬಿ ನನ್ನದು ಎಂದು ಕಾಕು ಕೂಗಿದ್ದು ಕೆಳಗಿನ ಪಾರ್ಕಿಂಗ್‌ವರೆಗೂ ಕೇಳಿಸಿತು. "ನನ್ನ ತಾಯಿ ಮದುವೆಯಲ್ಲಿ ಕೊಟ್ಟದ್ದು! ನೀನೇ ಇಟ್ಟುಕೊಂಡಿದ್ದೀ ಅಂತ ನನಗೆ ಆಗಲೇ ಗೊತ್ತಿತ್ತು!"

"ನಾನೇಕೆ ಇಟ್ಟುಕೊಳ್ಳಲಿ? ಇವತ್ತು ಬೆಳಿಗ್ಗೆ ಕಾನಡಿ ಆಜಿಯ ಮನೆಯಿಂದ ಬಂತು!" ಎಂದರು ಜಾಧವಬಾಯಿ. ಕಾನಡಿ ಆಜಿ ಎಂದರೆ ಕನ್ನಡದ ಅಜ್ಜಿ, ಅಂದರೆ ಸಾಕ್ಷಾತ್ ನಾನು.

ಮೆಟ್ಟಿಲ ಮೇಲೆ ಜನ ಸೇರಿದರು. ಎಲ್ಲರೂ ತಮ್ಮ ತಮ್ಮ ಡಬ್ಬಿ ತಂದರು. ಚಕ್ಕುಲಿ ಸುರಿದು, ಡಬ್ಬಿ ಬೋರಲು ಹಾಕಿ ಓದಿದರು. ಜಾಧವಬಾಯಿಯ ಡಬ್ಬಿ ಕೆಳಮನೆಯಲ್ಲಿತ್ತು. ಕೆಳಮನೆಯವರದು ಜೋಶಿ ಕಾಕುವಿನ ಮನೆಯಲ್ಲಿತ್ತು. ಎಂಟರಲ್ಲಿ ಒಂದಾದರೂ ಸರಿಯಾದ ಬಾಗಿಲಿಗೆ ಹೋಗಿರಬಾರದೆ? ಒಂದೂ ಇಲ್ಲ!

ಎಂಟು ಡಬ್ಬಿಗಳ ಮೆರವಣಿಗೆ ನಮ್ಮ ಮನೆಗೆ ಬಂತು. ಬಾಗಿಲು ತೆಗೆದ ಶೈಲಾ ಡಬ್ಬಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬಾಗಿಲು ಹಾಕಲು ನೋಡಿದಳು.

"ಶೈಲಾ," ಎಂದರು ಜೋಶಿ ಕಾಕು ಮೆಲ್ಲಗೆ, "ನನ್ನ ಡಬ್ಬಿ ನಿಮ್ಮಲ್ಲಿಲ್ಲ, ಜಾಧವರ ಮನೆಯಲ್ಲಿ ಕೇಳಿ ಅಂತ ನೀನೇ ಅಲ್ಲವೆ ಹೇಳಿದ್ದು?"

ಸೊಸೆಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆದದ್ದಿಷ್ಟು. ಪ್ರತಿ ಹಬ್ಬಕ್ಕೂ ಅಕ್ಕಪಕ್ಕದಿಂದ ತಿಂಡಿ ತುಂಬಿದ ಡಬ್ಬಿ ಬರುತ್ತದೆ. ಡಬ್ಬಿಯನ್ನು ಖಾಲಿ ತಿರುಗಿ ಕೊಡಬಾರದು, ಏನಾದರೂ ಮಾಡಿ ಹಾಕಿ ಕೊಡಬೇಕು. ಮಾಡಲು ಅವಳಿಗೆ ಪುರುಸೊತ್ತಿಲ್ಲ. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎನ್ನುತ್ತ ವರ್ಷಗಳು ಕಳೆದವು. ಆಮೇಲೆ ಕೊಡಲು ನಾಚಿಕೆಯಾಗಿ, ಡಬ್ಬಿಗಳು ಅಟ್ಟ ಸೇರಿದವು.

ಇದನ್ನು ಕೇಳಿ ಮೊದಲು ಜಾಧವಬಾಯಿ ನಕ್ಕುಬಿಟ್ಟರು. ಜೋಶಿ ಕಾಕುವೂ ನಕ್ಕರು. ನಮ್ಮ ನಡುಮನೆಯಲ್ಲೇ ಕೈದಿಗಳ ವಿನಿಮಯದಂತೆ ಡಬ್ಬಿಗಳ ವಿನಿಮಯ ನಡೆಯಿತು. ನಾಲ್ಕು ವರ್ಷದ ಮುನಿಸು ಮುರಿದು ಆ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದರು.

ಅವರು ಹೋದದ್ದೇ ತಡ, ನಾನು ನ್ಯಾಯಪೀಠದಲ್ಲಿ ಕೂತೆ. ನನ್ನ ರೊಟ್ಟಿ ಡಬ್ಬಿಯನ್ನು ಎತ್ತಿ ಹಿಡಿದು ಹೇಳಿದೆ. "ನೋಡವಾ ಶೈಲಾ, ಇದು ನನ್ನ ತವರುಮನಿ ಡಬ್ಬಿ. ಹುಟ್ಟಿದಾಗಿಂದ ನಾ ಯಾರ ಮನಿ ಚಮಚಾನೂ ಇಟ್ಕೊಂಡಾಕಿ ಅಲ್ಲ!"

ಪಾಡ್ಯದ ಬೆಳಿಗ್ಗೆ ಯಜಮಾನರು ಮಿಂದು ಬಂದು ಕಪಾಟು ತಡಕಾಡಿದರು. "ಏ, ನನ್ನ ಪೂಜಾದ ಧೋತರ ಎಲ್ಲೆ ಅದ?"

ಎಂಟು ಮನೆಯಲ್ಲಿತ್ತು! ಆ ದಿನ ದೇವರ ಮುಂದೆ ಅವರು ಮಗನ ಪೈಜಾಮದಲ್ಲಿ ಕೂತರು. ದೇವರು ಸುಮ್ಮನಿದ್ದ. ಇವರು ಸುಮ್ಮನಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ನೆರೆಯವರು ನಮಗೆ ಹಬ್ಬದ ತಿಂಡಿ ತಂದಿದ್ದರು. ಎಲ್ಲರ ಕೈಯಲ್ಲೂ ಹೋಟೆಲಿನ ಪಾರ್ಸಲ್ಲಿಗೆ ಬರುವಂಥ ತೆಳ್ಳನೆಯ ಪ್ಲಾಸ್ಟಿಕ್ ಡಬ್ಬಿ! ಜೋಶಿ ಕಾಕು ಕಣ್ಣು ಮಿಟುಕಿಸಿದರು. "ಆಜಿ, ಇದನ್ನು ವಾಪಸು ಕೊಡಬೇಡಿ ಹಾಂ. ತಿಂದು ಎಸೆದುಬಿಡಿ. ಸ್ಟೀಲ್ ಡಬ್ಬಿ ಕೊಡಲು ನಮಗೆ ಧೈರ್ಯವಿಲ್ಲ!"

ಎಲ್ಲರೂ ನಕ್ಕರು. ಶ್ರಾವಣಿ ನಗಲಿಲ್ಲ. ಫ್ರಿಜ್ಜಿನ ಮೇಲಿನ ಸೊನ್ನೆಯನ್ನು ನೋಡಿದಳು, ಡಬ್ಬಿಗಳನ್ನು ಎಣಿಸಿದಳು. ಹುಡುಗಿ ನಂಬಿ ಕೊಟ್ಟ ಒಂದೇ ಒಂದು ಕೆಲಸ, ಅದನ್ನೂ ಎಂಟರಿಂದ ಗುಣಿಸಿ ಕೆಡಿಸಿದ್ದೆ!

ಅವಳು ಅಳುತ್ತ ಕೂರುವ ಪೈಕಿಯಲ್ಲ. ಅಡುಗೆಮನೆಗೆ ಓಡಿ, ಊಟದ ದೊಡ್ಡ ತಾಟು ತಂದು ಹೊಸ್ತಿಲ ಮೇಲೆ ಅಡ್ಡ ನಿಂತಳು. "ಕಾಕು, ತಿಂಡಿ ಒಳಗೆ, ಪ್ಲಾಸ್ಟಿಕ್ ಹೊರಗೆ!" ಎಂದು ಮರಾಠಿಯಲ್ಲಿ ಅಪ್ಪಣೆ ಮಾಡಿದಳು. ದೊಡ್ಡವರೆಲ್ಲ ಸಾಲಾಗಿ ನಿಂತು ತಿಂಡಿಯನ್ನು ತಾಟಿಗೆ ಸುರಿದು, ತಮ್ಮ ಡಬ್ಬಿ ಬಗಲಲ್ಲಿಟ್ಟುಕೊಂಡು ಹೋದರು. ಲಾಡು, ಚಿವಡಾ, ಶಂಕರಪೋಳಿ ಎಲ್ಲ ಬೆರೆತು ಗುಡ್ಡವಾಯಿತು. ಸೊನ್ನೆ ಉಳಿಯಿತು. ಹೇಳಿದೆನಲ್ಲ, ಇಡೀ ಪುಣೆಯಲ್ಲಿ ಇನ್ನೊಬ್ಬಳಿಲ್ಲ!

ರಜೆ ಮುಗಿದ ಮೇಲೆ ಅವಳು ಓದಿದ ವರದಿ ಹೀಗಿತ್ತು. ‘ನನ್ನ ಅಜ್ಜಿ ಹೊಸದೇನೂ ಕೊಳ್ಳದೆ ಎಂಟು ಉಡುಗೊರೆ ಕೊಟ್ಟಳು. ಎಲ್ಲರಿಗೂ ಬಹಳ ಸಂತೋಷವಾಯಿತು. ಏಕೆಂದರೆ ಡಬ್ಬಿಗಳು ಅವರವೇ ಆಗಿದ್ದವು.’ ಟೀಚರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಸೋಮವಾರ ಅಜ್ಜಿಯನ್ನು ಕರೆದು ತಾ ಎಂದರಂತೆ. ನಾನು, ಶಾಲೆಗೆ! ಅದೂ ಅತಿಥಿಯಾಗಿ!

ಬರಿಗೈಯಲ್ಲಿ ಹೋಗುವುದುಂಟೆ? ನನ್ನ ತವರಿನ ಡಬ್ಬಿಯನ್ನೇ ತೆಗೆದು ಚಕ್ಕುಲಿ ತುಂಬತೊಡಗಿದೆ.

"ಈ ಸಲ ಅಡಿ ನೋಡಿ ಒಯ್ಯಿ," ಎಂದರು ಯಜಮಾನರು.

"ನಂದs ಡಬ್ಬಿ, ಏನ್ ನೋಡೂದ್ರೀ?" ಎನ್ನುತ್ತಲೇ ತಿರುವಿದೆ. ಸವೆದ ಕನ್ನಡ ಅಕ್ಷರ. ಮೂರನೆಯ ಇಯತ್ತೆಗೆ ಸಾಕಾಗುವಷ್ಟು ಸುಲಭ. ಶಾಂ... ತಾ... ಬಾ... ಯಿ.

ಶಾಂತಾಬಾಯಿ ನಮ್ಮ ಯಜಮಾನರ ತಂಗಿ.

"ಮೂವತ್ತು ವರ್ಷ ಆತು, ಪಾಪ, ಅಕಿ ಆ ಡಬ್ಬಿ ಕೇಳ್ಲಿಕ್ಕತ್ತಿ," ಎಂದರು ಅವರು. "ನಮ್ಮನ್ಯಾಗ ಇಲ್ಲ ಅಂತ ನೀನs ಹೇಳಿ ಕಳಸಿದ್ದಿ."

ಅಡುಗೆಮನೆಯಿಂದ ಸೊಸೆಯ ದನಿ ಜೇನಿನಂತೆ ಹರಿದು ಬಂತು. "ಅತ್ತಿ, ಖಾಲಿ ಕೊಡಬ್ಯಾಡ್ರಿ ಮತ್ತ! ಏನರೆ ಮಾಡಿ ಹಾಕಿ ಕೊಡ್ರಿ!"

ಸೋಮವಾರ ಶಾಲೆಗೆ ಚಕ್ಕುಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಸೀರೆ ನನ್ನದೇ. ಎರಡೆರಡು ಸಲ ನೋಡಿಕೊಂಡೆ!