ಟೊಮೇಟೊ ಸಸಿಗಳ ಹೆಸರಿನಲ್ಲಿ ಒಂದು ದೀಪ

ವಿದ್ಯುತ್ ಸಂಪರ್ಕ ಕಚೇರಿಯ ಸೂಪರಿಂಟೆಂಡೆಂಟರು ಸ್ವಂತ ಕೆಲಸದಲ್ಲಿ ಎಂದೂ ತಡ ಮಾಡಿದವರಲ್ಲ, ಸಾರ್ವಜನಿಕರ ಕೆಲಸದಲ್ಲಿ ಎಂದೂ ಅವಸರ ಮಾಡಿದವರಲ್ಲ. ಎರಡಕ್ಕೂ ಊರೇ ಸಾಕ್ಷಿ. ಮದುವೆಮನೆಗೆ ಅವರು ಅಡುಗೆಯವರಿಗಿಂತ ಮೊದಲೇ ಹೋಗಿ ಕೂರುತ್ತಿದ್ದರು. ಮೋಡವಿಲ್ಲದ ದಿನವೂ ಛತ್ರಿ ಬಿಚ್ಚಿಕೊಂಡೇ ಮನೆ ಬಿಡುತ್ತಿದ್ದರು. ಹೀಗಾಗಿ ಅವರಿಗೆ ‘ಮುಂಗಡ ಸಾಹೇಬರು’ ಎಂಬ ಅಡ್ಡಹೆಸರು ಬಿದ್ದಿತ್ತು. ಅವರು ಅದನ್ನು ಬಿರುದು ಅಂದುಕೊಂಡಿದ್ದರು, ಪಾಪ.

ಅಂಥವರು ಚಳಿ ಇನ್ನೂ ಮೂಳೆ ಕೊರೆಯುತ್ತಿರುವಾಗಲೇ ಟೊಮೇಟೊ ಬೀಜ ಬಿತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಮಣ್ಣು ತುಂಬಿದ ಟ್ರೇಗಳನ್ನು ಸಾಲಾಗಿ ಜೋಡಿಸಿ, ಕೈ ಕೊಡವಿಕೊಂಡು ನಿಂತರು.

“ಹೊರಗೆ ನೆಡೋಕೆ ಇನ್ನೂ ಎಷ್ಟೋ ದಿನ ಇದೆ. ಈಗಲೇ ಯಾಕ್ರೀ ಈ ಅವಾಂತರ?” ಎಂದರು ಹೆಂಡತಿ.

“ಊರಿಗೆಲ್ಲ ಹೂ ಬಿಡೋ ಹೊತ್ತಿಗೆ ನಮ್ಮನೇಲಿ ಹಣ್ಣು ಇರ್ಬೇಕು ಕಣೇ.”

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ. ನೀವು ಕುಲಾವಿ ಹೊಲಿಸಿ, ಇಸ್ತ್ರಿನೂ ಮಾಡಿಸಿಟ್ರಿ.”

ಬೀಜಗಳು ಸಾಹೇಬರ ಮಾತು ನಂಬಿ ಮೊಳೆತವು. ಹೊರಗೆ ನೋಡಿದರೆ ಮಬ್ಬು. ಇರುವ ಚೂರು ಬೆಳಕಿಗಾಗಿ ಗಾಜಿನತ್ತ ಕತ್ತು ಚಾಚಿ ಚಾಚಿ ಸಸಿಗಳು ಗೇಣುದ್ದವಾದವು. ಕಾಂಡ ನೂಲಿನಷ್ಟು ಸಪೂರ, ತುದಿಯಲ್ಲಿ ಎರಡೇ ಎರಡು ಎಲೆ. ಕಚೇರಿಯಲ್ಲಿ ಉದ್ದವಾದ ಕಡತವನ್ನೇ ಪ್ರಗತಿ ಎಂದು ತಿಳಿದಿದ್ದ ಸಾಹೇಬರಿಗೆ ಖುಷಿಯೋ ಖುಷಿ.

“ನೋಡು, ಹೇಗೆ ಬೆಳೀತಿವೆ!”

“ಬೆಳೀತಿಲ್ಲ ರೀ. ನಿಮ್ಮ ಕೈಯಿಂದ ತಪ್ಪಿಸ್ಕೊಂಡು ಓಡಿಹೋಗ್ತಿವೆ.”

ಮಾರನೆಯ ಬೆಳಗ್ಗೆ ಎಲ್ಲವೂ ಮಣ್ಣಿಗೆ ಒರಗಿ ಮಲಗಿದ್ದವು. ಸಾಹೇಬರು ಒಂದೊಂದಕ್ಕೂ ಬೆಂಕಿಕಡ್ಡಿ ಊರಿ, ದಾರ ಕಟ್ಟಿ ಎಬ್ಬಿಸಿದರು. ತೋಟಗಾರಿಕೆಯ ಪುಸ್ತಕ ತೆಗೆದು ನೋಡಿದರೆ, ಬೆಳಕು ಸಾಲದೆ ಹೀಗಾಗುತ್ತದೆ, ಒಳ್ಳೆಯ ಬಿಸಿಲಿನ ಕಿಟಕಿಗೆ ಒಯ್ಯಿರಿ, ದಿನಾ ಅಂಗೈಯಿಂದ ಮೆಲ್ಲಗೆ ಸವರಿದರೆ ಗಾಳಿಗೆ ಆಡಿದಂತಾಗಿ ಕಾಂಡ ಗಟ್ಟಿಯಾಗುತ್ತದೆ ಎಂದಿತ್ತು. ಅಷ್ಟರಲ್ಲಿ ಹೆಂಡತಿ ಟ್ರೇಗಳನ್ನೆಲ್ಲ ಬಾಗಿಲ ಬಳಿ ತಂದಿಟ್ಟಾಗಿತ್ತು. “ಒಗ್ಗರಣೆ ಹಾಕೋಕೂ ಕಣ್ಣು ಕಾಣ್ತಿಲ್ಲ ನನಗೆ. ಇವನ್ನ ಆಫೀಸಲ್ಲಿ ಇಟ್ಕೊಳ್ಳಿ. ಅಲ್ಲಿ ಹೇಗೂ ಯಾವ ಕೆಲಸವೂ ಏಳಲ್ಲ, ಇವಾದ್ರೂ ಏಳಲಿ.”

ಕಚೇರಿಯಲ್ಲಿ ಬಿಸಿಲು ಬೀಳುವುದು ಒಂದೇ ಕಿಟಕಿಗೆ. ಅದು ಸಾರ್ವಜನಿಕರು ಅರ್ಜಿ ಕೊಡುವ ಕಿಟಕಿ. ಸಾಹೇಬರು ಟ್ರೇಗಳನ್ನು ಅಲ್ಲೇ ಜೋಡಿಸಿ, ಪಕ್ಕದಲ್ಲಿ ಪ್ರಕಟಣೆ ಅಂಟಿಸಿದರು:

“ಈ ಕಿಟಕಿಯ ಬೆಳಕನ್ನು ಹೆಚ್ಚು ಅರ್ಹರಿಗೆ ಮೀಸಲಿಡಲಾಗಿದೆ. ಅರ್ಜಿದಾರರು ಪಕ್ಕದ ಗೋಡೆಯ ಮುಂದೆ ನಿಂತು, ಅಲ್ಲೊಂದು ಕಿಟಕಿ ಇದೆಯೆಂದು ಭಾವಿಸಿ ವ್ಯವಹರಿಸತಕ್ಕದ್ದು. ಕಾಯುವವರ ಕೈಗಳು ಖಾಲಿ ಇರುವುದು ಕಚೇರಿಯ ಗಮನಕ್ಕೆ ಬಂದಿರುವುದರಿಂದ, ಪ್ರತಿಯೊಬ್ಬರೂ ಸಸಿಗಳ ತಲೆಯನ್ನು ಮೃದುವಾಗಿ ಸವರತಕ್ಕದ್ದು.”

ಜನ ಸವರಿದರು. ನಮ್ಮ ಜನ ಸರದಿಯಲ್ಲಿ ನಿಂತ ಮೇಲೆ ಏನು ಹೇಳಿದರೂ ಮಾಡುತ್ತಾರೆ. ಸವರಿದವರ ಅರ್ಜಿಯ ಮೇಲೆ ಗುಮಾಸ್ತ ‘ಸವರಲಾಗಿದೆ’ ಎಂದು ಮುದ್ರೆ ಒತ್ತುತ್ತಿದ್ದ. ಮುದ್ರೆ ಇಲ್ಲದ ಅರ್ಜಿ ಒಳಗೆ ಹೋಗುತ್ತಿರಲಿಲ್ಲ. ಮುದ್ರೆ ಇದ್ದದ್ದು ಒಳಗೆ ಹೋಗಿ ಅಲ್ಲೇ ಇರುತ್ತಿತ್ತು.

ಆ ಸಾಲಿನಲ್ಲಿ ದಿನಾ ನಿಲ್ಲುತ್ತಿದ್ದವರು ಹೊಲಿಗೆ ಅಕ್ಕ. ಓಣಿಯ ಒಳಗೊಂದು ಸಣ್ಣ ಅಂಗಡಿ, ಒಂದು ಹೊಲಿಗೆ ಯಂತ್ರ, ಕರೆಂಟು ಇಲ್ಲ. ಹೊತ್ತು ಇಳಿದರೆ ಮೇಣದಬತ್ತಿಯೇ ಗತಿ. ಆಕೆ ಹಾಕಿದ ಅರ್ಜಿಯನ್ನು ಕಚೇರಿ ತಿರಸ್ಕರಿಸುತ್ತಲೇ ಬಂದಿತ್ತು. ಪರಿಶೀಲನೆಗೆ ಹೋದವರು ನಡುಮಧ್ಯಾಹ್ನ ಹೋಗಿ, ‘ಸ್ಥಳದಲ್ಲಿ ಧಾರಾಳ ಬೆಳಕಿದೆ’ ಎಂದು ಬರೆದುಕೊಂಡು ಬರುತ್ತಿದ್ದರು.

“ಸಾಹೇಬ್ರೇ, ಸಂಜೆ ಬಂದು ನೋಡಿ ಅಂತ ಬಾಯಿ ಬಡ್ಕೊಂಡೆ.”

“ಸಂಜೆ ಕಚೇರಿ ಮುಚ್ಚಿರುತ್ತಮ್ಮಾ.”

“ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ ನನಗೆ. ನಿನ್ನೆ ಒಬ್ಬರ ಅಂಗಿಗೆ ತೋಳು ತಿರುಗಾಮುರುಗಾ ಹಚ್ಚಿಬಿಟ್ಟೆ. ಇರೋ ನಾಲ್ಕು ಗಿರಾಕಿಗಳೂ ಹೋದ್ರೆ ಅಂಗಡಿ ಮುಚ್ಚೋದೇ.”

“ಸವರಿದಿರಾ?”

“ಸವರಿದೆ.”

“ಹಾಗಾದ್ರೆ ನಾಳೆ ಬನ್ನಿ.”

ಹೀಗೆಂದು ಒಳಗೆ ಹೋಗಿ ಕೂತ ಸಾಹೇಬರಿಗೆ ಯಾಕೋ ನಾಚಿಕೆಯಾಯಿತು. ಕಚೇರಿಯ ವೇಳೆಯಲ್ಲಿ ಹಾಗಾದದ್ದು ಅದೇ ಮೊದಲು. ನೀರು ಕುಡಿದರೂ ಹೋಗಲಿಲ್ಲ.

ಆ ವಾರವೇ ಮೇಲಧಿಕಾರಿ ತಪಾಸಣೆಗೆ ಬಂದರು. ಕಿಟಕಿ ತುಂಬ ಸಸಿ, ಗೋಡೆ ಮುಂದೆ ಜನ. “ಇದೇನ್ರೀ ಇವೆಲ್ಲ?” ಎಂದರು. ಸಾಹೇಬರು ಸಸಿಗಳ ಕಡೆ ಕೈ ತೋರಿಸಿದರು.

“ಗ್ರಾಹಕರು, ಸಾರ್.”

“ದೂರು ಕೊಡ್ತಾರಾ?”

“ಇಲ್ಲ ಸಾರ್.”

“ಬಾಯಿ ಮಾಡ್ತಾರಾ?”

“ಬಾಯೇ ಇಲ್ಲ ಸಾರ್.”

ಮೇಲಧಿಕಾರಿಯ ಮುಖ ಅರಳಿತು. “ಇಂಥ ಗ್ರಾಹಕರಿಗಾಗಿ ನಾನು ಕೆಲಸಕ್ಕೆ ಸೇರಿದಾಗಿಂದ ಕಾಯ್ತಿದ್ದೆ ಕಣ್ರೀ!” ಎಂದು ತಾವೂ ಒಂದು ಸಲ ಸವರಿದರು. “ಅಯ್ಯೋ, ಬೆಳಕಿಲ್ಲದೆ ಹೇಗೆ ಸೊರಗಿವೆ ನೋಡಿ. ಕೊರತೆ ಅಂದ್ರೆ ಹೀಗೆ ಕಣ್ಣಿಗೆ ಕಾಣ್ಬೇಕು. ಇವಕ್ಕೆ ತಕ್ಷಣ ಸಂಪರ್ಕ ಕೊಡಿ. ಆದ್ರೆ ಕಚೇರಿಯೊಳಗೆ ಬೇಡ. ನಮಗೆ ನಾವೇ ಸಂಪರ್ಕ ಕೊಟ್ಕೊಂಡ್ರೆ ಸ್ವಜನಪಕ್ಷಪಾತ ಅಂತಾರೆ. ಹೊರಗೆ ಎಲ್ಲಾದ್ರೂ ಒಂದು ಜಾಗ ನೋಡಿ.”

ಸಾಹೇಬರು ಗೋಡೆಯ ಕಡೆ ನೋಡಿದರು. ಹೊಲಿಗೆ ಅಕ್ಕ ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದು, ತಾವೇ ಬರೆದದ್ದನ್ನು ಓದಲು ಹೆಣಗುತ್ತಿದ್ದರು. “ಜಾಗ ಇದೆ ಸಾರ್,” ಎಂದುಬಿಟ್ಟರು ಸಾಹೇಬರು.

“ಇವನ್ನ ನಾನು ಇಟ್ಕೋಬೇಕಾ?” ಎಂದರು ಅಕ್ಕ.

“ಹಾಗಲ್ಲಮ್ಮಾ. ಇವು ನಿಮ್ಮನ್ನ ಇಟ್ಕೊಳ್ತವೆ.”

ಮಾರನೆಯ ದಿನವೇ ಅಂಗಡಿಯಲ್ಲಿ ದೀಪ ಉರಿಯಿತು. ಮೀಟರಿನ ಮೇಲೆ ‘ಗ್ರಾಹಕರು: ಟೊಮೇಟೊ ಸಸಿಗಳು. ಜೊತೆಯಲ್ಲಿರುವವರು: ದರ್ಜಿ’ ಎಂದು ಬರೆಯಲಾಯಿತು. ಗ್ರಾಹಕರ ಕೊರತೆ ನೀಗಿದ ಕೂಡಲೇ ಸಂಪರ್ಕ ಕಡಿತಗೊಳಿಸಲಾಗುವುದು, ಗ್ರಾಹಕರನ್ನು ಬದಲಾಯಿಸಿದರೆ ಹೊಸದಾಗಿ ಅರ್ಜಿ ಹಾಕತಕ್ಕದ್ದು ಎಂಬ ಷರತ್ತುಗಳೂ ಇದ್ದವು. ಇವನ್ನು ಬರೆದವರು ಸಾಹೇಬರೇ. ಅಭ್ಯಾಸಬಲ, ಏನು ಮಾಡುವುದು!

ಅಕ್ಕ ಸಂಜೆಯೂ ಹೊಲಿಯತೊಡಗಿದರು. ಹೋದ ಗಿರಾಕಿಗಳು ಮರಳಿ ಬಂದರು. ಸಾಹೇಬರು ಕಚೇರಿ ಮುಗಿಸಿ ನೇರ ಅಲ್ಲಿಗೇ ಹೋಗುತ್ತಿದ್ದರು. ಪುಸ್ತಕದಲ್ಲಿದ್ದಂತೆ ಸಪೂರ ಸಸಿಗಳನ್ನು ದೊಡ್ಡ ಕುಂಡಗಳಿಗೆ ಬದಲಿಸಿ, ಕಾಂಡವನ್ನು ಕತ್ತಿನವರೆಗೂ ಮಣ್ಣಲ್ಲಿ ಹೂತರು. ಹೂತ ಕಾಂಡ ಬೇರು ಬಿಟ್ಟಿತು, ದೀಪದ ಕೆಳಗೆ ಹೊಸ ಎಲೆಗಳು ದಟ್ಟವಾಗಿ ಬಂದವು. ಒಂದು ಸಂಜೆ ನೋಡಿದರೆ, ಹಳದಿ ಮೊಗ್ಗು! ಊರಿಗೆ ಮೊದಲ ಮೊಗ್ಗು. ಸಾಹೇಬರ ಕಣ್ಣಲ್ಲಿ ನೀರು ಬಂತು.

ಅಕ್ಕನ ಮುಖ ಮಾತ್ರ ಬಾಡಿತ್ತು. “ಸಾಹೇಬ್ರೇ, ಸೋಮವಾರ ಪರಿಶೀಲನೆಗೆ ಬರ್ತಾರಂತೆ. ಇವು ನೋಡಿದ್ರೆ ಕಟ್ಟುಮಸ್ತಾಗಿ ನಿಂತ್ಬಿಟ್ಟಿವೆ.”

ಇಬ್ಬರೂ ಕೂತು ಆ ಸಸಿಗಳ ಆರೋಗ್ಯವನ್ನು ನೋಡಿದರು. ಇಷ್ಟು ಗಟ್ಟಿಮುಟ್ಟಾದ ದುರದೃಷ್ಟವನ್ನು ಸಾಹೇಬರು ಕಂಡಿರಲಿಲ್ಲ. ಮೊಗ್ಗು ಉಳಿದರೆ ದೀಪ ಹೋಗುತ್ತದೆ. ದೀಪ ಉಳಿಯಬೇಕಾದರೆ ಮೊಗ್ಗು ಹೋಗಬೇಕು.

“ನಿಮ್ಮ ಬಟ್ಟೆ ಬೀರು ಖಾಲಿ ಮಾಡಿ,” ಎಂದರು ಸಾಹೇಬರು.

“ಬೇಡ ಸಾಹೇಬ್ರೇ. ಎಷ್ಟು ಆಸೆಪಟ್ಟು ಬೆಳೆಸಿದೀರಿ…”

“ಖಾಲಿ ಮಾಡೀಮ್ಮಾ, ನನ್ನ ಮನಸ್ಸು ಬದಲಾಗೋದರೊಳಗೆ.”

ಕುಂಡಗಳನ್ನು ತಮ್ಮ ಕೈಯಾರೆ ಬೀರುವಿನ ಕತ್ತಲಲ್ಲಿಟ್ಟು ಬಾಗಿಲು ಮುಚ್ಚಿದರು. ಅವತ್ತು ಅವರಿಗೆ ಊಟ ಸೇರಲಿಲ್ಲ. ಸೋಮವಾರದ ಹೊತ್ತಿಗೆ ಗ್ರಾಹಕರು ಬಿಳಿಚಿ, ಮೊಗ್ಗು ಉದುರಿ, ಕತ್ತು ವಾಲಿಸಿ ನಿಂತಿದ್ದರು. ಪರಿಶೀಲನೆಗೆ ಬಂದವರು ಲೊಚಗುಟ್ಟಿ, ‘ಕೊರತೆ ಮುಂದುವರಿದಿದೆ’ ಎಂದು ಬರೆದು ಹೋದರು.

ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಪ್ಪಲಿ ಹೊಲಿಯುವವನು ಸೊರಗಿದ ಬದನೆ ಸಸಿ ಹಿಡಿದು ಬಂದ, ಸಂಪರ್ಕ ಸಿಕ್ಕಿತು. ಮೇಲಿನಿಂದ ಸುತ್ತೋಲೆ ಬಂತು: ಇನ್ನು ಮುಂದೆ ಬೆಳಕಿನ ಕೊರತೆಯನ್ನು ಸಸಿಯ ಮೂಲಕವೇ ಸಾಬೀತುಪಡಿಸತಕ್ಕದ್ದು, ಮನುಷ್ಯರ ಮಾತನ್ನು ಪರಿಗಣಿಸಲಾಗದು. ಜನ ಬೀಜದ ಅಂಗಡಿಗೆ ಮುಗಿಬಿದ್ದರು. ಅಂಗಡಿಯವನು ‘ಖಾತ್ರಿಯಾಗಿ ಸೊರಗುವ ತಳಿ’ ಎಂದು ಫಲಕ ಹಾಕಿದ. ಅಕಾಲದಲ್ಲಿ ಬಿತ್ತುವುದರಲ್ಲಿ ಅನುಭವಸ್ಥರೆಂದು ಸಾಹೇಬರನ್ನೇ ತರಬೇತಿಗೆ ನೇಮಿಸಲಾಯಿತು. ಆ ವರ್ಷ ಊರಲ್ಲಿ ಟೊಮೇಟೊ ಆಗಲಿಲ್ಲ. ದೀಪಗಳು ಮಾತ್ರ ಚೆನ್ನಾಗಿ ಉರಿದವು.

ಒಂದು ದಿನ ಗಾಳಿಗೆ ಸಾಹೇಬರ ಮನೆಯ ತಂತಿಯೇ ಕಡಿದುಬಿತ್ತು. ಹೆಂಡತಿ ಹದವಾದ ಕಾಲಕ್ಕೆ ಬಿತ್ತಿ ಬೆಳೆಸಿದ್ದ, ಗಿಡ್ಡಗೆ ಗುಂಡಗಿದ್ದ ಸಸಿಯೊಂದನ್ನು ಹಿಡಿದು ಸಾಹೇಬರು ಕಚೇರಿಯ ಗೋಡೆಯ ಮುಂದೆ ಸಾಲಿನಲ್ಲಿ ನಿಂತರು. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಸಾರ್, ಇದು ಗಟ್ಟಿಯಾಗಿದೆ. ನಿಮ್ಮನೇಲಿ ಕೊರತೆ ಇದ್ದ ಹಾಗೆ ಕಾಣಲ್ಲ.”

“ಸರಿಯಾಗಿ ಹೇಳಿದೆ ಕಣಯ್ಯಾ,” ಎಂದು ಅವನ ಬೆನ್ನು ತಟ್ಟಿ ಸಾಹೇಬರು ಮನೆಗೆ ಬಂದರು.

ಕತ್ತಲ ಮನೆಯಲ್ಲಿ ಹೆಂಡತಿ ವಿಷಯವನ್ನೆಲ್ಲ ಕೇಳಿದರು. ಬೈಯಲಿಲ್ಲ. ಎದ್ದು ಹೋಗಿ ಮಣ್ಣಿನ ಟ್ರೇ ತಂದು, ಸೆರಗು ಸಿಕ್ಕಿಸಿಕೊಂಡು ಕೂತರು.

“ಈಗ ಹಾಕಿದ್ರೆ ಚೆನ್ನಾಗಿ ಸೊರಗ್ತವೇನ್ರೀ?”

“ಅದನ್ನ ನನಗೆ ಬಿಡು,” ಎಂದು ಸಾಹೇಬರು ಪಕ್ಕದಲ್ಲಿ ಕೂತು ಬೀಜದ ಪೊಟ್ಟಣ ಬಿಚ್ಚಿದರು.