ತೊಟ್ಟಿಲಿಗೆ ಐದು ನಂಬರಿನ ಎಲ್-ಕೀ

ಯಾವುದೇ ಸಾಮಾನು ಕಂಡರೂ ಅದರ ಒಳಗೇನಿದೆ ಎಂದು ತಿಳಿಯುವ ತನಕ ನನಗೆ ಊಟ ಸೇರುವುದಿಲ್ಲ. ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಅಲ್ಲಿ ಫ್ಯಾನ್ ರಿಪೇರಿಯವರು ಬಂದರೆ ಮೊದಲು ನನ್ನನ್ನು ಚಹಾಕ್ಕೆ ಕಳಿಸುತ್ತಾರೆ. ಇಂಥ ನಾನು, ತಂಗಿ ನೀಲಮ್ಮನ ಮಗನಿಗೆ ನಮ್ಮ ಶಹಾಪುರದ ಮನೆಯಲ್ಲಿ ಹೆಸರಿಡುವುದೆಂದು ಗೊತ್ತಾದ ಕೂಡಲೇ ತೊಟ್ಟಿಲಿನ ಹೊಣೆಯನ್ನು ಮೈಮೇಲೆ ಎಳೆದುಕೊಂಡೆ.

ತೊಟ್ಟಿಲು ತವರಿನದೇ ಆಗಬೇಕು. ಅದರ ಕಾಲು ಅಲುಗಾಡಿದರೆ ಸುರಪುರದ ಬೀಗರ ಮುಂದೆ ತಂಗಿ ತಲೆ ತಗ್ಗಿಸಬೇಕು. ಯಾದಗಿರಿಗೆ ಹೋಗಿ ಸಾಗವಾನಿಯದನ್ನೇ ತಂದೆ. ಅಂಗಡಿಯವನು ನಾಲ್ಕು ಕಾಲಿಗೂ ಒಂದೊಂದು ಸ್ಕ್ರೂ ಸಡಿಲಾಗಿ ಹಾಕಿ, ಮನೆಗೆ ಹೋಗಿ ಬಿಗಿ ಮಾಡಿಕೊಳ್ಳಿ ಎಂದು ಇಂಗ್ಲಿಷಿನ ಎಲ್‌ನಂತೆ ಬಾಗಿದ, ಐದು ನಂಬರಿನ ಸಣ್ಣದೊಂದು ಎಲ್-ಕೀ ಕೈಗಿಟ್ಟ. ಸ್ಕ್ರೂವಿನ ತಲೆಯಲ್ಲಿ ಆರು ಮೂಲೆಯ ಗುಳಿ. ಅದರಲ್ಲಿ ಆರು ಮೂಲೆಯ ಈ ಕೀ ಕೂಡಬೇಕು. ಆರೇ ಯಾಕೆ, ಎಂಟು ಯಾಕಲ್ಲ? ಬಸ್ಸಿನಲ್ಲಿ ಪಕ್ಕದವರನ್ನು ಕೇಳಿದೆ. ಅವರು ಎದ್ದು ಬೇರೆ ಸೀಟಿಗೆ ಹೋದರು.

ಹೆಸರಿಡುವ ದಿನ ಬೆಳಿಗ್ಗೆ ಬಿಗಿ ಮಾಡಲು ಕೂತೆ. ಕೀ ಒಳಗೆ ಹೋಗಲಿಲ್ಲ. ಒತ್ತಿ ತಿರುವಿದರೆ ಜಾರಿತು. ಇನ್ನಷ್ಟು ಒತ್ತಿದರೆ ಕೀಯೇ ಸೊಟ್ಟಗಾಯಿತು. ಸದರಿ ಕೀ ಕಳಪೆಯದು ಎಂಬ ತೀರ್ಮಾನಕ್ಕೆ ಬಂದು ಬಜಾರಿಗೆ ಓಡಿದೆ.

ಹಾರ್ಡ್‌ವೇರ್ ಅಂಗಡಿಯ ಬಸಣ್ಣ ಎರಡು ಕೀ ಮುಂದಿಟ್ಟ. ಒಂದರ ಅಂಚು ಚೀಪಿದ ಪೆಪ್ಪರ್‌ಮಿಂಟಿನಂತೆ ನುಣ್ಣಗಿತ್ತು. ಇನ್ನೊಂದರ ಅಂಚು ಬೆರಳಿಗೆ ಚುರುಕ್ಕೆನ್ನುವಷ್ಟು ಚೊಕ್ಕ. ಮೈಮೇಲೆ ನಂಬರು ಕೊರೆದಿತ್ತು.

"ಇದು ಗಟ್ಟಿ ಉಕ್ಕು ರೀ. ಬಾಗಂಗಿಲ್ಲ," ಎಂದ.

"ಅದ್ಹೆಂಗ ಬಾಗಂಗಿಲ್ಲ? ಉಕ್ಕಿನಾಗ ಏನು ಹಾಕಿರ್ತಾರ?"

"ನಿಮಗ ಕೀ ಬೇಕೋ, ಕೀ ಮಾಡೋ ಕಾರ್ಖಾನಿ ಬೇಕೋ?"

ಹಿಂದೆ ನಿಂತ ಗಿರಾಕಿಗಳು ಗೊಣಗತೊಡಗಿದರು. ಒಳ್ಳೆಯ ಕೀಗಳ ಇಡೀ ಸೆಟ್ಟನ್ನೇ ಕೊಂಡು, ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಐದು ನಂಬರ್ ಹೋಗಲಿಲ್ಲ. ನಾಲ್ಕು ನಂಬರ್ ಬಲ ಹಾಕಿ ಒತ್ತಿದ್ದೇ ಕರಕ್ಕನೆ ಹೋಯಿತು! ಇನ್ನೇನು ಬೇಕು? ತಿರುವಿದೆ, ಮೊದಲು ಒಂದಿಷ್ಟು ಕರಕರ ಎಂದು ತಿರುಗಿತು. ಆಮೇಲೆ ಒಳ್ಳೆಯ ಕೀ ಎಂದರೆ ಇದಪ್ಪಾ ಎನ್ನುವಷ್ಟು ಸಲೀಸಾಗಿ ತಿರುಗಿತು. ಮೂರು ಸ್ಕ್ರೂ ಮುಗಿಸಿದೆ. ತೊಟ್ಟಿಲು ಮಾತ್ರ ಮೊದಲಿನಂತೆಯೇ ಅಲುಗಾಡುತ್ತಿತ್ತು.

ಹೆಂಡತಿ ಸುವರ್ಣಾ ಬಗ್ಗಿ ನೋಡಿದಳು. "ರೀ, ಸ್ಕ್ರೂ ತಿರಗಾಕತ್ತಿಲ್ಲ. ನಿಮ್ಮ ಕೀ ಅಷ್ಟ ತಿರಗಾಕತ್ತದ."

ಬಳೆಗೆ ಸಿಕ್ಕಿಸಿದ ಪಿನ್ನು ತೆಗೆದು ನಾಲ್ಕನೇ ಸ್ಕ್ರೂವಿನ ಗುಳಿ ಕೆರೆದಳು. ಕೆಂಪು ಪುಡಿ ಉದುರಿತು. ಆಮೇಲೆ ಬಿಳಿ ಪುಡಿ. ಪಕ್ಕದಲ್ಲಿ ಹೂ ಕಟ್ಟುತ್ತ ಕೂತಿದ್ದ ನನ್ನ ಅವ್ವನ ಕಡೆ ಇಬ್ಬರೂ ನೋಡಿದೆವು.

"ಹೊಸಾ ತೊಟ್ಟಿಲಕ್ಕ ಪೂಜಿ ಮಾಡಬಾರದೇನು?" ಎಂದಳು ಅವ್ವ. "ಸ್ಕ್ರೂದಾಗ ಸಣ್ಣ ಕುಣಿ ಇದ್ದವು. ವಿಭೂತಿ ನೀರಾಗ ಕಲಸಿ ತುಂಬೀನಿ, ಮ್ಯಾಲ ಕುಂಕುಮ ಇಟ್ಟೀನಿ. ಚಂದ ಕಾಣತಿತ್ತು."

ಹಿಂದಿನ ದಿನ ತುಂಬಿದ್ದು ರಾತ್ರಿಯೊಳಗೆ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಮೇಲಿನ ಬೊಟ್ಟುಗಳನ್ನು ಬೆಳಿಗ್ಗೆ ನಾನೇ ಕೈಮುಗಿದು ಒರೆಸಿದ್ದೆ. ಗುಳಿಯೊಳಗೆ ಮಾತ್ರ ಇಣುಕಿರಲಿಲ್ಲ. ಒಳಗೇನಿದೆ ಎಂದು ತಿಳಿಯದೆ ಊಟ ಮಾಡದ ಮಹಾಶಯ ನಾನು!

ಕೆರೆದು ಸ್ವಚ್ಛ ಮಾಡಿದ ಗುಳಿಯಲ್ಲಿ ಐದು ನಂಬರ್ ತಳ ಮುಟ್ಟಿ ಕೂತಿತು. ಸುವರ್ಣಾ ಎರಡು ಸುತ್ತು ತಿರುವಿದ್ದೇ ಆ ಕಾಲು ಗಟ್ಟಿಯಾಯಿತು. ಉಳಿದ ಮೂರನ್ನೂ ಕೆರೆದೆವು. ಅವುಗಳಲ್ಲಿ ಮೂಲೆಗಳೇ ಇರಲಿಲ್ಲ. ಸಣ್ಣ ಕೀ ತುರುಕಿ ನಾನು ಎಲ್ಲವನ್ನೂ ಸವೆಸಿ ಗುಂಡಗೆ ಮಾಡಿದ್ದೆ.

ಅಷ್ಟರಲ್ಲಿ ಬೀಗರು ಬಂದರು. ತಂಗಿಯ ಅತ್ತೆ ಶರಣಮ್ಮ ತೊಟ್ಟಿಲನ್ನು ಒಮ್ಮೆ ತೂಗಿದರು. ಅದು ಒಂದು ಕಾಲು ಊರಿ ಉಳಿದ ಮೂರನ್ನೂ ಕುಣಿಸಿತು.

"ಇದು ಕೂಸಿಗೋ, ಕೋಲಾಟಕ್ಕೋ?" ಎಂದರು.

ತಂಗಿಯ ಕಣ್ಣಲ್ಲಿ ನೀರು ಬಂತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸುವರ್ಣಾ ಒಳಗೆ ಹೋಗಿ, ತನ್ನ ಹೊಸ ಇಳಕಲ್ ಸೀರೆ ತಂದು ತೊಲೆಗೆ ಜೋಲಿ ಕಟ್ಟಿದಳು. ಕೂಸು ಅದರಲ್ಲಿ ಮಲಗಿದ್ದೇ ಕಣ್ಣು ಮುಚ್ಚಿತು. ಸೋದರತ್ತೆ, ಎಂದರೆ ಶರಣಮ್ಮನವರ ಮಗಳು, ಅದರ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ವಾಡಿಕೆಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು.

"ಸ್ವಾದರತ್ತಿಗಿ ಆತು," ಎಂದರು ಶರಣಮ್ಮ. "ಸ್ವಾದರಮಾವನ್ನ ಯಾಕ ಬಿಡಬೇಕು?"

ಬೀಗತಿಯ ಅಪ್ಪಣೆ! ನನ್ನ ಬೆನ್ನಿಗೂ ಗುದ್ದುಗಳು ಬಿದ್ದವು. ಎಲ್ಲಕ್ಕಿಂತ ಜೋರಿನದು ಯಾರದೆಂದು ತಿರುಗಿ ನೋಡಬೇಕಾಗಲಿಲ್ಲ. ಬಳೆಗಳ ಸದ್ದು ಪರಿಚಯದ್ದೇ. ಅಳುತ್ತಿದ್ದ ತಂಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ತೊಟ್ಟಿಲ ನಾವ ತರ್ತೀವಿ ಬಿಡ್ರಿ," ಎಂದರು ಶರಣಮ್ಮ, ತಾವೂ ನಗುತ್ತ. "ನೀವು ಬರೇ ಮಾವ ಆಗ್ರಿ, ಸಾಕು."

ಅವರು ತರುವ ತೊಟ್ಟಿಲಿಗೆ ಎಷ್ಟು ನಂಬರಿನ ಕೀ ಬೇಕಾಗುತ್ತದೆ ಎಂದು ಕೇಳಬೇಕೆನಿಸಿತು. ಸುವರ್ಣಾ ಇನ್ನೂ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಕೇಳಲಿಲ್ಲ.