ಮಾಮಾನ ಕ್ಯಾಮೆರಾ ಮತ್ತು ಮದುವಿ ಬಣ್ಣ

ದೇವರು ಈ ಲೋಕಕ್ಕೆ ಬಳಿದ ಬಣ್ಣ ಸಾಲದು ಎಂದು ದೇವರಿಗೇ ತಿಳಿಹೇಳುವ ಧೈರ್ಯವಿರುವವರು ನಮ್ಮ ಬಳಗದಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ! ಬೆಳಿಗ್ಗೆ ದೀಪ ಹಚ್ಚುವಾಗ ಅವರ ಪರವಾಗಿ ನಾನೇ ಕೈಮುಗಿದು ಕ್ಷಮೆ ಕೇಳಿಬಿಡುತ್ತೇನೆ. ಅವರಂತೂ ಕೇಳುವವರಲ್ಲ.

ಮಾಮಾ ಇರುವುದು ಭಾಲ್ಕಿಯಲ್ಲಿ, ನಾನು ಬೀದರಿನಲ್ಲಿ. ನಡುವೆ ಅಷ್ಟು ದೂರ ಇಟ್ಟದ್ದು ದೇವರ ದಯೆ. ಆದರೆ ಬಸ್ಸುಗಳಿವೆಯಲ್ಲ! ವಾರಕ್ಕೊಮ್ಮೆ ಬಂದಿಳಿಯುತ್ತಾರೆ, ಕೊರಳಲ್ಲಿ ಕ್ಯಾಮೆರಾ. ಅವರ ಅಳಿಯ ಹೊಸದು ಕೊಂಡಾಗ ಹಳೆಯದನ್ನು ಇವರ ಕೈಗಿಟ್ಟು ಪುಣ್ಯ ಕಟ್ಟಿಕೊಂಡ. ಪಾಪವೆಲ್ಲ ನಮ್ಮ ಪಾಲಿಗೆ ಬಂತು. ಅದರ ತಲೆಯ ಮೇಲೊಂದು ಗುಂಡಿ. ತಿರುಗಿಸಿದರೆ ಚಿತ್ರದ ಬಣ್ಣವೇ ಬದಲಾಗುತ್ತದೆ. ಕಪ್ಪು-ಬಿಳುಪು ಉಂಟು, ಹಳೆಯ ಫಿಲ್ಮಿನಂಥ ಕಂದು ಉಂಟು, ಎಲ್ಲವನ್ನೂ ಝಗಝಗ ಮಾಡುವಂಥದ್ದೂ ಉಂಟು. ಅವುಗಳ ಇಂಗ್ಲಿಷ್ ಹೆಸರುಗಳನ್ನು ಮಾಮಾ ಒಪ್ಪಲಿಲ್ಲ. ಕಂದು ಬಣ್ಣಕ್ಕೆ ‘ಅಜ್ಜನ ಕಾಲ’ ಎಂದೂ ಝಗಝಗಕ್ಕೆ ‘ಮದುವಿ ಬಣ್ಣ’ ಎಂದೂ ನಾಮಕರಣ ಮಾಡಿದರು.

ತೆಗೆದ ಮೇಲೆ ಕಂಪ್ಯೂಟರಿನಲ್ಲಿ ತಿದ್ದಿಸಬಹುದಲ್ಲ ಎಂದು ನನ್ನ ಮಗಳು ಒಮ್ಮೆ ಹೇಳಿದಳು. ಮಾಮಾನಿಗೆ ಎಲ್ಲಿಲ್ಲದ ಸಿಟ್ಟು.

“ಉಪ್ಪು ಒಲಿ ಮ್ಯಾಲಿದ್ದಾಗ ಹಾಕ್ಬೇಕು, ತಾಟಿಗಿ ಬಡಿಸಿದ ಮ್ಯಾಲ ಅಲ್ಲ! ಆಮ್ಯಾಲ ತಿದ್ದೋದು ಮೋಸ.”

“ಮತ್ತ ನೀವು ಮೊದಲೇ ತಿದ್ದತೀರಲ್ಲ, ಅದು?” ಎಂದೆ.

“ಅದು ಅಡಗಿ!”

ಕಮಠಾಣದಲ್ಲಿ ನಮ್ಮ ದೂರದ ಸಂಬಂಧಿ ಅಜ್ಜನೊಬ್ಬರಿದ್ದಾರೆ. ಅವರ ಫೋಟೋವನ್ನು ‘ಅಜ್ಜನ ಕಾಲ’ದಲ್ಲಿ ತೆಗೆದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಮಾಮಾ ತಾವೇ ಗೋಡೆಗೆ ತೂಗುಹಾಕಿ ಬಂದರು. ಮರುದಿನ ಬೀಗರ ಕಡೆಯವನೊಬ್ಬ ಬಾಗಿಲಿಗೆ ಬಂದವನೇ ಕಂದುಬಣ್ಣದ ಪಟ ನೋಡಿದ, ಚಪ್ಪಲಿ ಬಿಟ್ಟು ಕೈಮುಗಿದ, ಕಣ್ಣಲ್ಲಿ ನೀರು ತಂದುಕೊಂಡ.

“ಯಾವಾಗ ಹೋದರ್ರಿ ಅಜ್ಜಾರು? ನಮಗ ಒಂದು ಮಾತು ಹೇಳಬಾರ್ದೇನ್ರಿ?”

ಪಟದ ಕೆಳಗೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ ಅಜ್ಜ ತಲೆ ಎತ್ತಿದರು. “ಎಲ್ಲಿಗಿ ಹೋಗ್ಲೋ? ಮೊಣಕಾಲು ಹಿಡದಾವ.”

ಆ ಮನೆಯ ಸೊಸೆ ನನಗೆ ಫೋನು ಮಾಡಿ ಬೈದದ್ದನ್ನು ಇಲ್ಲಿ ಬರೆಯಲಾರೆ. ಮಾಮಾನನ್ನು ಬೈಯಲು ಜನಕ್ಕೆ ಮುಜುಗರವಂತೆ. ನನ್ನನ್ನು ಬೈಯಲು ಇಲ್ಲವಂತೆ!

ಆಗ ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತ್ತು. ಔರಾದ ಕಡೆಯಿಂದ ಎಷ್ಟೋ ಮನೆಗಳವರು ಕೂಲಿಗೆಂದು ಹೈದರಾಬಾದು, ಪುಣೆ ಸೇರಿದ್ದರು. ನಮ್ಮ ಓಣಿಗೂ ಟ್ಯಾಂಕರೇ ಗತಿ. ಬಂದರೆ ಅದೇ ಆ ದಿನದ ಪ್ರಸಾದ. ಮಾಮಾ ಬಂದದ್ದು ಸರಿಯಾಗಿ ಎಲ್ಲರೂ ಕೊಡ ಸಾಲಿಗಿಟ್ಟ ಹೊತ್ತಿಗೆ. ‘ಮದುವಿ ಬಣ್ಣ’ಕ್ಕೆ ತಿರುಗಿಸಿ ಟ್ಯಾಂಕರಿನ ಮುಂದೆ ನಿಂತರು.

“ಎಲ್ಲಾರೂ ಜರಾ ನಗ್ರಿ!”

ಕೊಡ ಹಿಡಿದು ಜಗಳಾಡುವವರು ನಗುತ್ತಾರೆಯೇ? ಆದರೆ ಫೋಟೋ ನೋಡಿದ ಮೇಲೆ ಎಲ್ಲರೂ ನಕ್ಕರು. ರಾಡಿ ನೀರು ಅದರಲ್ಲಿ ಕೆರೆಯಂತೆ ನೀಲಿ! ಪಕ್ಕದ ಮನೆಯ ಚಾಚಿ ಕ್ಯಾಮೆರಾವನ್ನು ಎಲ್ಲರಿಗೂ ತೋರಿಸುತ್ತ, “ಭಾಯಿಸಾಬ್, ಈ ಫೋಟೋದಾಗಿನ ಟ್ಯಾಂಕರ್ ಯಾವ ಓಣಿಗಿ ಬರ್ತದ ಹೇಳ್ರಿ, ಅಲ್ಲೇ ಮನಿ ಮಾಡ್ತೇವು” ಎಂದಳು. ನಾನು ತುಂಬದ ಕೊಡವನ್ನೇ ಹೊತ್ತು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇಷ್ಟಾದರೂ ಮಗಳ ಫೋಟೋ ತೆಗೆಯಲು ಅವರಿಗೇ ಹೇಳಿದೆನಲ್ಲ, ನನ್ನ ಬುದ್ಧಿಗೆ ಏನೆನ್ನಲಿ! ಔರಾದದ ಹುಡುಗ, ಅಲ್ಲಿನ ಔಷಧದ ಅಂಗಡಿಯಲ್ಲಿ ಕೆಲಸ. ಹುಡುಗ ಮತ್ತು ಅವನ ಆಯಿ, ಅಂದರೆ ಅವನ ತಂದೆಯ ತಾಯಿ, ಬಂದು ನೋಡಿ ಮೆಚ್ಚಿದ್ದರು. ನನ್ನ ಮಗಳೂ ಚಹಾದ ತಾಟು ಎರಡನೆಯ ಸಲ ತಾನಾಗಿಯೇ ತಂದಿದ್ದಳು. ತಾಯಿಗೆ ಅಷ್ಟು ಸಾಕು. ಉಳಿದದ್ದು ಹುಡುಗನ ಅಪ್ಪ-ಅವ್ವನ ಒಪ್ಪಿಗೆ. ಅವರು ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದರು, ಬರುವಂತಿರಲಿಲ್ಲ. ಫೋಟೋ ನೋಡಿ ಹೇಳುತ್ತೇವೆ ಎಂದರು.

ಮಾಮಾ ‘ಮದುವಿ ಬಣ್ಣ’ವನ್ನು ಅದರ ತುತ್ತತುದಿಗೆ ಏರಿಸಿ ತೆಗೆದರು. ಯಾರಿಗೂ ತೋರಿಸದೆ, ಅಂಗಡಿಯಲ್ಲಿ ಮೊಬೈಲಿಗೆ ಹಾಕಿಸಿ, ತಾವೇ ಪುಣೆಗೆ ಕಳಿಸಿ, ನನಗೆ ಪೇಡೆ ಬೇರೆ ತಂದುಕೊಟ್ಟರು.

ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಬೆಳಿಗ್ಗೆ ಔರಾದದ ಬಸ್ಸಿಳಿದು ಆಯಿ ಒಬ್ಬರೇ ಬಂದರು. ಅವತ್ತು ಮಾಮಾನೂ ಇದ್ದರು. ಆಯಿ ನೀರು ಕುಡಿಯಲಿಲ್ಲ, ಕೂರಲಿಲ್ಲ.

“ಖರೇ ಹೇಳವ್ವಾ, ಹುಡುಗಿಗಿ ಕಾಮಣಿ ಆಗ್ಯಾದೇನು?”

“ಕಾಮಾಲೀನಾ? ಯಾರು ಹೇಳ್ಯಾರ್ರಿ ಆಯಿ?”

“ಫೋಟೋನೇ ಹೇಳ್ತದಲ್ಲ! ಅರಿಶಿಣದಾಗ ಅದ್ದಿ ತಗದಂಗ ಅದಾಳ. ಕಣ್ಣಿನ ಬಿಳೀನೂ ಹಳದಿ! ನನ್ನ ಸೊಸಿ ಅಲ್ಲಿ ಅಳ್ಕೋತ ಕುಂತಾಳ. ಕಾಯಿಲಿ ಮುಚ್ಚಿಟ್ಟು ಕೊಡ್ತಾರ, ಬ್ಯಾಡ ಅಂತಾಳ.”

ಒಳಗಿನಿಂದ ಮಗಳು ಬಂದು ಬಾಗಿಲಲ್ಲಿ ನಿಂತಳು. ಅವಳ ಮುಖ ನೋಡಲಾಗಲಿಲ್ಲ. ನಾನು ಹಿರಿಯರು, ಕಿರಿಯರು ಎಂಬುದನ್ನೆಲ್ಲ ಮರೆತೆ.

“ಮಾಮಾ, ನಿಮ್ಮ ಹುಚ್ಚಿಗಿ ನನ್ನ ಮಗಳ ಮದುವೀನೇ ಬೇಕಾಗಿತ್ತೇನ್ರಿ? ನಾಲ್ಕು ಮಂದಿ ಮುಂದ ತಲಿ ಎತ್ತದಂಗ ಮಾಡೀರಿ!”

ಮಾಮಾ ಗಾಬರಿಯಾಗಿ ಕ್ಯಾಮೆರಾ ತೆರೆದರು. ಚಿತ್ರ ಹುಡುಕಿ, ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದು ನೋಡಿದರು.

“ಬಣ್ಣ ಬರೋಬರಿ ಅದ ಅಲ್ಲವ್ವಾ... ಇನ್ನೂ ಜರಾ ಕಮ್ಮೀನೇ ಆಗ್ಯಾದ.”

“ಕಮ್ಮಿ? ನಿಮಗ ಕಣ್ಣು ಕಾಣ್ತಾವೋ ಇಲ್ಲೋ? ನನ್ನ ಸೀರಿ ಯಾವ ಬಣ್ಣದ್ದು ಹೇಳ್ರಿ ನೋಡಮು!”

ನಾನು ಸಿಟ್ಟಿಗೆ ಕೇಳಿದ್ದು. ಮಾಮಾ ನನ್ನನ್ನು ನೋಡಿದರು, ನಿಧಾನವಾಗಿ, ಮೇಲಿನಿಂದ ಕೆಳಗೆ.

“ಬೂದಿ ಬಣ್ಣದ್ದು.”

ನಾನು ಉಟ್ಟಿದ್ದು ಅಚ್ಚ ನೀಲಿ ಸೀರೆ. ಅದನ್ನು ನನಗೆ ಕೊಡಿಸಿದವರೂ ಅವರೇ.

ಮಾಮಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ತಪ್ಪು ಉತ್ತರ ಹೇಳಿದ ಶಾಲೆಯ ಹುಡುಗನಂತೆ ಸಣ್ಣ ದನಿಯಲ್ಲಿ ಅಂದರು: “ಬರ ಬಿದ್ದಾಗಿಂದ ಎಲ್ಲಾ ಹಿಂಗೇ ಆಗ್ಯಾದಲ್ಲ? ಗಿಡ, ಹೊಲ, ಮಂದಿ ಮಾರಿ... ಬಿಸಲಿಗಿ ಬಣ್ಣ ಹೋಗ್ಯಾವ ಅಂತ ತಿಳದಿದ್ದೆ. ಫೋಟೋದಾಗರೆ ಇರ್ಲಿ ಅಂತ ಹಾಕ್ತಿದ್ದೆ.”

ಆಯಿ ಆಗ ಕೂತರು. ಮಾಮಾನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

“ಬರ ಅಲ್ಲೋ ತಮ್ಮಾ, ಇದು ಕಣ್ಣಿನ ಪೊರಿ. ನನಗೂ ಹಿಂಗೇ ಇತ್ತು. ಆಪರೇಷನ್ ಆದ ಮ್ಯಾಲ ನಮ್ಮ ಮನಿ ಬಾಗಿಲು ಹಸರು ಅದ ಅಂತ ಗೊತ್ತಾತು. ಕಂದು ಬಳದೀರಿ ಅಂತ ಮಗನ ಕೂಡ ಎಷ್ಟು ಜಗಳಾಡಿದ್ದೆ!”

ಅಲ್ಲೇ ಕೂತು ಪುಣೆಗೆ ಫೋನು ಹಚ್ಚಿಸಿದರು. “ಏ, ಹುಡುಗಿ ನೆಟ್ಟಗ ಅದಾಳೋ. ಕಾಮಣಿ ಆಗಿದ್ದು ಕ್ಯಾಮೆರಾಕ್ಕ! ಇನ್ನೊಂದು ಫೋಟೋ ಕಳಸ್ತಾರ, ನಿನ್ನ ಹೆಂಡ್ತಿಗಿ ಅಳೂದು ಬಿಡು ಅಂತ ಹೇಳು.” ಫೋನು ಇಟ್ಟು ನನ್ನ ಕಡೆ ತಿರುಗಿದರು. “ಈಗ ನೀರು ಕೊಡವ್ವಾ, ಕುಡೀತೇನಿ.”

ಆ ಒಂದು ಲೋಟ ನೀರು ಕೊಡುವಾಗ ನಾನು ಎಷ್ಟು ದೇವರಿಗೆ ಕೈಮುಗಿದೆನೋ!

ಮಾಮಾನಿಗೆ ಮಾತ್ರ ಕ್ಯಾಮೆರಾ ಮುಟ್ಟುವ ಮನಸ್ಸಿರಲಿಲ್ಲ. ಕೊರಳಿನಿಂದ ತೆಗೆದು ನನ್ನ ಮಗಳ ಕೈಗಿಟ್ಟು, ಚಪ್ಪಲಿ ಹುಡುಕತೊಡಗಿದರು. ಇಷ್ಟು ದಿನ ಅವರಿಂದಾಗಿ ನಾಚಿದವಳು ನಾನು. ನಾಲ್ಕು ಮಂದಿಯ ಮುಂದೆ ಅವರ ತಲೆ ತಗ್ಗಿಸಿದವಳೂ ನಾನೇ. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಮಗಳ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ತಿರುಗಿ ಅವರ ಕೊರಳಿಗೆ ಹಾಕಿದೆ.

“ಆಯಿಗಿ ಬಸ್ಸಿನ ಹೊತ್ತಾತು ಮಾಮಾ. ಲಗೂ ತಗೀರಿ.”

“ಬಣ್ಣ?”

“ನಾ ನೋಡ್ತೇನಿ.”

ಗುಂಡಿಯನ್ನು ಬರೀ ಸಾದಾ ಬಣ್ಣಕ್ಕೆ ತಂದುಕೊಟ್ಟೆ. ಮಗಳನ್ನು ಅಂಗಳದಲ್ಲಿ ನಿಲ್ಲಿಸಿದೆ. ಮಾಮಾ ಕ್ಯಾಮೆರಾ ಎತ್ತಿದರು, ಇಳಿಸಿದರು.

“ಏನು ಉಟ್ಟಾಳವ್ವಾ ನನ್ನ ಮೊಮ್ಮಗಳು?”

“ಗಿಣಿ ಹಸರು ಸೀರಿ, ಮಾಮಾ. ಕೆಂಪು ಅಂಚು.”

“ಬಳಿ?”

“ಹಸರು ಗಾಜಿನ ಬಳಿ. ಬಿಸಲಿಗಿ ಮಿಂಚ್ಲಿಕತ್ತಾವ.”

“ಮಾರಿ ಹ್ಯಾಂಗದ?”

ಹೇಳಿದೆ. ಎಲ್ಲವನ್ನೂ ಹೇಳಿದೆ, ಇದ್ದುದಕ್ಕಿಂತ ಒಂದಿಷ್ಟು ಬಣ್ಣ ಏರಿಸಿಯೇ ಹೇಳಿದೆ.